ಬರಿಗಾಲಿನ ಪಾಂಡವ ಅಹ್ಮದ್ ಖಾನ್

ತಾವರೆಕೆರೆಯ ಸುತ್ತಿನ ನಮ್ಮ ಬಯಲುಸೀಮೆಯಲ್ಲಿ ಬೇಸಿಗೆ ಬಂತೆಂದರೆ ಬತ್ತಿದ ಕೆರೆಯಂಗಳಗಳೇ ಮಕ್ಕಳ ಆಟದ ಬಯಲು. ಶಾಲೆಗೆ ರಜೆ ಸಿಕ್ಕೊಡನೆ ಅವರ ಚೆಂಡು ದೇವಾಲಯದ ಅಂಗಳಕ್ಕೂ ಉರುಳಿ ಬರುತ್ತದೆ. ಕಳೆದ ಬೇಸಿಗೆಯಲ್ಲಿ ಕೆಲವು ಹಿರಿಯರು ನಮ್ಮಲ್ಲಿಗೆ ಬಂದು, ಬೇರೆ ಕೇರಿಯ, ಬೇರೆ ಮತದ ಹುಡುಗರೂ ಒಳಬಂದು ನಮ್ಮ ಮಕ್ಕಳೊಡನೆ ಆಡುತ್ತಿದ್ದಾರೆ, ಸಂಜೆ ಗೇಟಿಗೆ ಬೀಗ ಹಾಕುವುದು ಒಳಿತಲ್ಲವೇ ಎಂದು ವಿಚಾರಿಸಿದರು. ಅವರ ಕಳಕಳಿಯನ್ನು ನಾವು ಹಗುರವಾಗಿ ಕಾಣಲಿಲ್ಲ. ಆದರೆ ಉತ್ತರ ಕೊಡುವ ಮುನ್ನ ಬೆಂಗಳೂರಿನ ಒಬ್ಬ ಕಾಲ್ಚೆಂಡಾಟಗಾರರ ಬದುಕು ನಮ್ಮ ನೆನಪಿಗೆ ಬಂದಿತು. ಅದನ್ನೇ ಈ ವಾರ ಓದುಗರ ಮುಂದಿಡುತ್ತಿದ್ದೇವೆ.

ಅಹ್ಮದ್ ಖಾನ್ ಜನಿಸಿದುದು 1926ರ ಡಿಸೆಂಬರ್ 24ರಂದು, ಕ್ರಿಸ್ತಜಯಂತಿಯ ಹಿಂದಿನ ದಿನ, ಬೆಂಗಳೂರಿನ ಒಂದು ಮುಸ್ಲಿಂ ಮನೆಯಲ್ಲಿ. ಅದು ಫುಟ್ಬಾಲನ್ನೇ ಉಸಿರಾಡುತ್ತಿದ್ದ ಮನೆತನ. ತಂದೆಯೂ ಸಹೋದರರೂ ಆಟಗಾರರೇ. ದಂಡು ಪ್ರದೇಶದಲ್ಲಿ ಬ್ರಿಟಿಷ್ ಸಿಪಾಯಿಗಳು ತಂದ ಆಟವನ್ನು ಊರಿನ ಹುಡುಗರು ನೋಡಿ ಕಲಿತಿದ್ದರು. ಸಿಪಾಯಿಗಳಿಗೆ ಬೂಟುಗಳಿದ್ದವು, ಹುಡುಗರಿಗೆ ಪಾದಗಳಷ್ಟೇ ಇದ್ದವು. ಮುಂಬಯಿಯ ರೋವರ್ಸ್ ಕಪ್ ಬಹುಕಾಲ ಸೈನ್ಯದ ತುಕಡಿಗಳ ಸೊತ್ತಾಗಿತ್ತು. ಅದನ್ನು 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಾಗ ಅಹ್ಮದ್ ಇನ್ನೂ ಬಾಲಕ. ಇಂಥ ಊರಿನಲ್ಲಿ ಬೆಳೆದ ಅವರು ಬರಿಗಾಲಿನಲ್ಲಿಯೇ ಚೆಂಡನ್ನು ಹತೋಟಿಗೆ ತೆಗೆದುಕೊಳ್ಳುವ ಅಪೂರ್ವ ಚಳಕವನ್ನು ರೂಢಿಸಿಕೊಂಡರು. ಮುಂದೆ ಅವರಿಗೆ ಹಾವಾಡಿಗನೆಂಬ ಅಡ್ಡಹೆಸರೇ ಬಂದಿತು.

1948ರ ಲಂಡನ್ ಒಲಿಂಪಿಕ್ ಕ್ರೀಡೆಗಳಿಗೆ ಸ್ವತಂತ್ರ ಭಾರತದ ತಂಡ ಹೊರಟಾಗ ಅಹ್ಮದ್ ಖಾನ್ ಅದರಲ್ಲಿದ್ದರು. ಜುಲೈ 31ರಂದು ಫ್ರಾನ್ಸಿನ ವಿರುದ್ಧ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ದೊರೆತ ಎರಡು ಪೆನಾಲ್ಟಿಗಳೂ ಕೈತಪ್ಪಿ, ಭಾರತ 1-2ರಿಂದ ಸೋತಿತು. ಆದರೂ ಆ ಆಟವನ್ನು ಕಂಡವರ ಮನಸ್ಸಿನಲ್ಲಿ ಉಳಿದುದು ಸೋಲಲ್ಲ, ಬರಿಗಾಲುಗಳ ಜಾಣ್ಮೆ.

ಮರುವರ್ಷ, 1949ರಲ್ಲಿ, ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಅದು ಎಂತಹ ಕಾಲ? 1946ರ ಆಗಸ್ಟಿನಲ್ಲಿ ಆ ನಗರದ ಬೀದಿಗಳಲ್ಲಿ ಮತದ ಹೆಸರಿನಲ್ಲಿ ರಕ್ತ ಹರಿದಿತ್ತು. ದೇಶ ಇಬ್ಭಾಗವಾಗಿ, ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡ ಹಿಂದೂ ನಿರಾಶ್ರಿತರು ಲಕ್ಷಗಟ್ಟಲೆ ಬಂದು ಸೇರುತ್ತಿದ್ದರು. 1950ರಲ್ಲಿ ಎರಡೂ ಬಂಗಾಳಗಳಲ್ಲಿ ಗಲಭೆ ಮತ್ತೆ ಭುಗಿಲೆದ್ದಿತು. 1920ರಲ್ಲಿ ಸ್ಥಾಪನೆಯಾಗಿದ್ದ ಈಸ್ಟ್ ಬೆಂಗಾಲ್ ಕ್ಲಬ್ಬು, ಕಳೆದುಹೋದ ಊರಿನ ಹೆಸರನ್ನೇ ಹೊತ್ತಿದ್ದರಿಂದ, ಆ ನಿರಾಶ್ರಿತರಿಗೆ ತಮ್ಮದೆಂದು ಹೇಳಿಕೊಳ್ಳಲು ಉಳಿದಿದ್ದ ಕೆಲವೇ ಆಸರೆಗಳಲ್ಲಿ ಒಂದಾಗಿತ್ತು. ಅಂತಹವರ ನಡುವೆ ಬೆಂಗಳೂರಿನ ಈ ಮುಸ್ಲಿಂ ಯುವಕ ಹೋಗಿ ನಿಂತರು. ಮಾತು ಬೇರೆ, ಮತ ಬೇರೆ, ಊಟ ಬೇರೆ.

ಅವರು ಪರಕೀಯರಾಗಿ ಉಳಿಯಲಿಲ್ಲ. ಅಹ್ಮದ್ ಖಾನ್, ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ ಎಂಬ ದಕ್ಷಿಣ ಭಾರತದ ಐವರು ಮುಂಚೂಣಿಯ ಆಟಗಾರರನ್ನು ಆ ಜನ ಪಂಚಪಾಂಡವರೆಂದು ಕರೆದರು. ಮತದ ಹೆಸರಿನಲ್ಲಿ ಮನೆ ಕಳೆದುಕೊಂಡವರು, ತಮ್ಮ ಮಹಾಕಾವ್ಯದ ಅತ್ಯಂತ ಪ್ರೀತಿಯ ಹೆಸರನ್ನು ಇಬ್ಬರು ಮುಸ್ಲಿಮರಿದ್ದ ಆ ಐವರಿಗೆ ಕೊಟ್ಟರು. ಅಹ್ಮದರು ಗೋಲು ಹೊಡೆಯಬಲ್ಲವರಾಗಿದ್ದರೂ, ಎದುರಾಳಿಗಳನ್ನು ತಮ್ಮತ್ತ ಸೆಳೆದು ಚೆಂಡನ್ನು ಜೊತೆಗಾರನಿಗೆ ಒಪ್ಪಿಸುವುದರಲ್ಲಿ ಅವರ ಹಿರಿಮೆಯಿತ್ತು. 1949, 1950, 1951ರಲ್ಲಿ ಸತತವಾಗಿ ಮೂರು ಬಾರಿ ಐ.ಎಫ್.ಎ. ಶೀಲ್ಡ್ ಆ ಕ್ಲಬ್ಬಿಗೆ ಬಂದಿತು. 1951 ಮತ್ತು 1952ರಲ್ಲಿ ಡ್ಯುರಾಂಡ್ ಕಪ್ ಬಂದಿತು. ಅಹ್ಮದರು 1954ರಲ್ಲಿ ತಂಡದ ನಾಯಕರಾದರು. ಹತ್ತು ವರ್ಷ ಅಲ್ಲಿಯೇ ಆಡಿದರು.

1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡೆಗಳಲ್ಲಿ ಭಾರತ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಾಗ ಅವರು ಆ ತಂಡದಲ್ಲಿದ್ದರು. ಆದರೆ ನಮ್ಮನ್ನು ಹೆಚ್ಚು ತಟ್ಟುವುದು ಆ ಚಿನ್ನವಲ್ಲ, ಮರುವರ್ಷದ ಸೋಲು. 1952ರ ಜುಲೈ 15ರಂದು ಹೆಲ್ಸಿಂಕಿ ಒಲಿಂಪಿಕ್ ಕ್ರೀಡೆಗಳಲ್ಲಿ, ಮುಂದೆ ಬೆಳ್ಳಿಯ ಪದಕ ಪಡೆದ ಅಂದಿನ ಯುಗೊಸ್ಲಾವಿಯಾ ತಂಡ ಭಾರತಕ್ಕೆ ಹತ್ತು ಗೋಲುಗಳನ್ನು ಹೊಡೆಯಿತು. ನಮ್ಮವರಲ್ಲಿ ಹಲವರಿಗೆ ಅಂದೂ ಬೂಟುಗಳಿರಲಿಲ್ಲ. ಆಟ ಮುಗಿಯಲು ಒಂದು ನಿಮಿಷವಿದೆ. ಇನ್ನು ಓಡಿದರೂ ಒಂದೇ, ನಿಂತರೂ ಒಂದೇ. ಆ 89ನೆಯ ನಿಮಿಷದಲ್ಲಿ ಅಹ್ಮದ್ ಖಾನ್ ಗೋಲು ಹೊಡೆದರು. 10-1. ಆ ಸೋಲಿನ ನಂತರ ಭಾರತದ ಫುಟ್ಬಾಲ್ ಒಕ್ಕೂಟ ಬೂಟುಗಳನ್ನು ಕಡ್ಡಾಯ ಮಾಡಿತು.

ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ, ಸದ್ಗುಣವೆಂಬುದು ಒಂದು ದಿನದ ಉತ್ಸಾಹವಲ್ಲ, ಮತ್ತೆ ಮತ್ತೆ ಮಾಡಿದ ಕಾರ್ಯದಿಂದ ನೆಲೆಗೊಂಡ ಸ್ವಭಾವವೆಂದು ಅರಿಸ್ಟಾಟಲನಿಂದ ಕಲಿತಿದ್ದೆವು. ಆ ಕೊನೆಯ ನಿಮಿಷದ ಗೋಲು ಅಂತಹ ಸ್ವಭಾವದ ಫಲ. ಲಾಭವಿದ್ದಾಗ ಓಡುವುದು ಲೆಕ್ಕಾಚಾರ. ಲಾಭವೆಲ್ಲ ಮುಗಿದ ಮೇಲೂ ಜೊತೆಗಾರರಿಗಾಗಿ ಓಡುವುದು ನಿಷ್ಠೆ. ಕಲ್ಕತ್ತೆಯ ನಿರಾಶ್ರಿತರು ಅವರನ್ನು ತಮ್ಮವರೆಂದು ಒಪ್ಪಿಕೊಂಡುದಕ್ಕೂ ಇದೇ ಕಾರಣವಿರಬೇಕು. ತನ್ನನ್ನು ಪೂರ್ಣವಾಗಿ ಕೊಡುವವನನ್ನು ಬಹುಕಾಲ ಪರಕೀಯನೆಂದು ದೂರವಿಡುವುದು ಯಾರಿಗೂ ಸಾಧ್ಯವಿಲ್ಲ.

ಅವರ ಆಟದ ಕಾಲ ಮುಗಿದ ಮೇಲೆ, 1961ರಲ್ಲಿ, ಅರ್ಜುನ ಪ್ರಶಸ್ತಿ ಆರಂಭವಾಯಿತು. ಇಂದಿನಂತೆ ಕೋಟಿಗಟ್ಟಲೆ ಹಣ ಹರಿಯುವ ದಿನಗಳೂ ಅವಲ್ಲ. ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಹುಟ್ಟೂರಾದ ಬೆಂಗಳೂರಿನಲ್ಲಿಯೇ ನಿಧನರಾದರು.

ಹಿರಿಯರಿಗೆ ನಾವು ಕೊಟ್ಟ ಉತ್ತರ ಚಿಕ್ಕದು. ಕಿಟಕಿಯ ಗಾಜುಗಳು ಒಡೆಯದಂತೆ ನೋಡಿಕೊಳ್ಳುವ ಹೊಣೆಯನ್ನು ಹುಡುಗರಿಗೇ ವಹಿಸಿದ್ದೇವೆ. ಪ್ರಾರ್ಥನೆಯ ಗಂಟೆ ಬಾರಿಸಿದೊಡನೆ ಚೆಂಡು ನಿಲ್ಲಬೇಕೆಂದು ವಿಧಿಸಿದ್ದೇವೆ. ಗೇಟು ತೆರೆದೇ ಇದೆ. ಪೋಷಕರಲ್ಲಿ ನಮ್ಮದೊಂದು ಬಿನ್ನಹ: ಸಂಜೆ ಮಗ ಮನೆಗೆ ಬಂದಾಗ ಎಷ್ಟು ಗೋಲು ಹೊಡೆದೆಯೆಂದು ಕೇಳುವ ಬದಲು, ಇಂದು ಯಾರಿಗೆ ಚೆಂಡು ಕೊಟ್ಟೆಯೆಂದು ಒಮ್ಮೆ ಕೇಳಿ ನೋಡಿ.