ಆಕಾಶದ ಲೆಕ್ಕಕ್ಕೆ ಜಗಳವಾಡಿದ ಫ್ರೆಡ್ ಹಾಯ್ಲ್

ಗೌರಿಬಿದನೂರಿನ ಹತ್ತಿರ ಬಯಲಲ್ಲಿ ಸಾಲಾಗಿ ನೆಟ್ಟ ಕಂಬ, ತಂತಿಗಳನ್ನು ನಮ್ಮಲ್ಲಿ ಸುಮಾರು ಜನ ನೋಡಿರ್ತೀರ. ಅದು ಕರೆಂಟಿನದಲ್ಲ, ರೇಡಿಯೋ ದೂರದರ್ಶಕ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಶುರು ಮಾಡಿದ್ದು. ಮೊದಲು ಕಟ್ಟಿದ್ದಕ್ಕೆ 1000 ಆಂಟೆನಾ, ಇಂಗ್ಲಿಷಿನ ಟಿ ಅಕ್ಷರದ ಆಕಾರ, ಪೂರ್ವ ಪಶ್ಚಿಮಕ್ಕೆ 1.4 ಕಿಲೋಮೀಟರ್ ಉದ್ದ. ಹೀಗೇ ಆಕಾಶದ ರೇಡಿಯೋ ಅಲೆ ಹಿಡಿಯುವ ಆಂಟೆನಾಗಳಿಂದ ಇಂಗ್ಲೆಂಡಿನಲ್ಲಿ ಒಬ್ಬ ದೊಡ್ಡ ವಿಜ್ಞಾನಿಯ ಸಿದ್ಧಾಂತವೇ ಅಲುಗಾಡಿತು. ಆ ವಿಜ್ಞಾನಿಯೇ ಫ್ರೆಡ್ ಹಾಯ್ಲ್. ನಾವು ಹುಟ್ಟುವುದಕ್ಕೆ ಎಷ್ಟೋ ಮೊದಲೇ ತೀರಿಹೋದವರು.

ಹಾಯ್ಲ್ ಹುಟ್ಟಿದ್ದು 1915 ಜೂನ್ 24ರಂದು, ಯಾರ್ಕ್‌ಷೈರಿನ ಗಿಲ್‌ಸ್ಟೆಡ್ ಎಂಬ ಹಳ್ಳಿಯಲ್ಲಿ. ತಂದೆ ಉಣ್ಣೆ ವ್ಯಾಪಾರಿ, ತಾಯಿ ಸಂಗೀತ ಕಲಿತವರು. ಶಾಲೆಗೆ ಸೇರೋ ಮುಂಚೆಯೇ ಹುಡುಗನಿಗೆ ಮಗ್ಗಿ ಬರುತ್ತಿತ್ತು. ಆದರೆ ಶಾಲೆ ಅಂದರೆ ಆಗದು, ತಪ್ಪಿಸಿಕೊಂಡು ತಿರುಗೋದೇ ಕೆಲಸ. ಒಂದು ದಿನ ಟೀಚರ್ ಒಂದು ಹೂವಿಗೆ ಐದು ಎಸಳು ಅಂತ ಪಾಠ ಹೇಳಿದರು. ಫ್ರೆಡ್ ತಂದಿದ್ದ ಹೂವಿಗೆ ಆರು ಎಸಳಿತ್ತು. ಅವನು ಅದನ್ನು ತೋರಿಸಿದ. ಟೀಚರ್ ಕಿವಿಯ ಮೇಲೆ ಬಾರಿಸಿದರು. ಮುಂದೆ ಆ ಕಿವಿ ಮಂದವಾಯಿತು. ತಾಯಿ ಮಾತ್ರ ಮಗನ ಪರವಾಗಿಯೇ ನಿಂತರು. (ನಮ್ಮ ಮೇಷ್ಟ್ರುಗಳು ಇದನ್ನು ಓದಿ ಬೇಜಾರು ಮಾಡ್ಕೋಬಾರದು!)

ಹೀಗೆ ತಿರುಗುತ್ತಿದ್ದ ಹುಡುಗ ಬಿಂಗ್ಲಿ ಪ್ರೌಢಶಾಲೆ ಮುಗಿಸಿ ಕೇಂಬ್ರಿಡ್ಜ್ ಸೇರಿ ಗಣಿತ ಓದಿದ. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ಕೆಲಸ. ಅಲ್ಲಿ ಬಾಂಡಿ, ಗೋಲ್ಡ್ ಎಂಬ ಇಬ್ಬರು ಗೆಳೆಯರು ಸಿಕ್ಕಿದರು. ಹಗಲು ರೇಡಾರ್, ಬಿಡುವಾದಾಗ ನಕ್ಷತ್ರದ ಮಾತು.

1948ರಲ್ಲಿ ಈ ಮೂವರು ಸ್ಥಿರಸ್ಥಿತಿ ಸಿದ್ಧಾಂತ ಹೊರತಂದರು. ವಿಶ್ವ ಹಿಗ್ಗುತ್ತಿದೆ ಅನ್ನೋದು ಆಗಲೇ ಗೊತ್ತಿತ್ತು. ಹಾಗಾದರೆ ಒಂದು ಕಾಲಕ್ಕೆ ಎಲ್ಲಾ ಒಂದೇ ಕಡೆ ಇದ್ದು ಸಿಡಿದಿರಬೇಕು ಅಂತ ಬೇರೆಯವರು ಹೇಳುತ್ತಿದ್ದರು. ಹಾಯ್ಲ್ ಒಪ್ಪಲಿಲ್ಲ. ವಿಶ್ವಕ್ಕೆ ಆದಿ ಇಲ್ಲ, ಅಂತ್ಯ ಇಲ್ಲ, ಹಿಗ್ಗಿದಾಗ ಆಗುವ ಖಾಲಿ ಜಾಗದಲ್ಲಿ ಹೊಸ ದ್ರವ್ಯ ಹುಟ್ಟುತ್ತದೆ ಅಂದರು. ನಮ್ಮ ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ತೋಟ ಇಲ್ಲವೇ? ಸೊಪ್ಪು ಕೊಯ್ದರೂ ಮತ್ತೆ ಚಿಗುರಿ ತೋಟ ತೋಟವಾಗಿಯೇ ಇರುತ್ತೆ, ಹಾಗೆ. ಎಷ್ಟು ಹುಟ್ಟಬೇಕು ಅಂದರೆ ಒಂದು ಕೋಣೆಯಷ್ಟು ಜಾಗದಲ್ಲಿ ಕೋಟಿಗಟ್ಟಲೆ ವರ್ಷಕ್ಕೆ ಒಂದು ಪರಮಾಣು ಸಾಕು. ಇದಕ್ಕೆ ಅವರು ಐನ್‌ಸ್ಟೈನರ ಗುರುತ್ವ ಸಮೀಕರಣಕ್ಕೇ ಹೊಸದೊಂದು ಪದ ಸೇರಿಸಿದರು. ತಮಾಷೆ ಏನೆಂದರೆ, 1949ರಲ್ಲಿ ಬಿಬಿಸಿ ರೇಡಿಯೋದಲ್ಲಿ ಎದುರಾಳಿ ಸಿದ್ಧಾಂತಕ್ಕೆ ಬಿಗ್ ಬ್ಯಾಂಗ್ ಅಂತ ಹೆಸರಿಟ್ಟವರೂ ಇವರೇ. ಆ ಹೆಸರೇ ನಿಂತಿತು.

ಅದೇ ಕೇಂಬ್ರಿಡ್ಜಿನಲ್ಲಿ ಮಾರ್ಟಿನ್ ರೈಲ್ ರೇಡಿಯೋ ಆಂಟೆನಾಗಳಿಂದ ಆಕಾಶ ಎಣಿಸುತ್ತಿದ್ದರು. ವಿಶ್ವ ಯಾವಾಗಲೂ ಒಂದೇ ತರ ಇದ್ದರೆ ಹತ್ತಿರದ ಮೂಲಗಳಿಗೂ ದೂರದ ಮಸುಕು ಮೂಲಗಳಿಗೂ ಒಂದು ಲೆಕ್ಕ ಕೂಡಬೇಕು. ಮಸುಕಾದವು ಲೆಕ್ಕಕ್ಕಿಂತ ಜಾಸ್ತಿ ಸಿಕ್ಕಿದವು. ದೂರ ನೋಡೋದು ಅಂದರೆ ಹಳೇ ಕಾಲ ನೋಡೋದು. ಅಂದರೆ ಹಿಂದೆ ವಿಶ್ವ ಬೇರೆ ತರ ಇತ್ತು ಅಂತಾಯಿತು. 1955ರ ಎಣಿಕೆಯಲ್ಲಿ ತಪ್ಪುಗಳಿದ್ದವು, 1961ರದ್ದು ಗಟ್ಟಿಯಾಗಿತ್ತು. 1970ರಲ್ಲಿ ಕಟ್ಟಿದ ಊಟಿಯ 530 ಮೀಟರ್ ಉದ್ದದ ದೂರದರ್ಶಕದಿಂದ ಗೋವಿಂದ ಸ್ವರೂಪ್ ಮತ್ತು ಜೊತೆಯವರು ಅಳೆದದ್ದೂ ಹಾಯ್ಲ್ ಪರ ಬರಲಿಲ್ಲ. ನಡುವೆ 1965ರಲ್ಲಿ ಆಕಾಶದ ಎಲ್ಲಾ ದಿಕ್ಕಿನಿಂದಲೂ ಬರುವ ಸುಮಾರು 3 ಕೆಲ್ವಿನ್ ವಿಕಿರಣ ಸಿಕ್ಕಿತು. ಅದು ಮಹಾಸ್ಫೋಟದ ಉಳಿದ ಕಾವು. ಆ ವರ್ಷ ಹಾಯ್ಲ್ ತಮ್ಮ ಹಳೇ ಸಿದ್ಧಾಂತ ಬಿಡಬೇಕಾಗುತ್ತದೆ ಅಂತ ಒಪ್ಪಿಕೊಂಡೇಬಿಟ್ಟರು. ಆಮೇಲೆ ಮನಸ್ಸು ತಡೆಯದೆ ಮತ್ತೆ ಅದರ ಕಡೆಗೇ ತಿರುಗಿದರು.

ಅವರ ಶಿಷ್ಯ ನಮ್ಮವರೇ, ಜಯಂತ ನಾರ್ಳೀಕರ್. ನಮ್ಮ ಬೆಳಗಾವಿ ಪಕ್ಕದ ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿದವರು. 1964ರಲ್ಲಿ ಗುರು ಶಿಷ್ಯ ಸೇರಿ ಗುರುತ್ವಕ್ಕೆ ಹೊಸ ಸಿದ್ಧಾಂತ ಕೊಟ್ಟರು. ಒಂದು ಕಲ್ಲಿನ ದ್ರವ್ಯರಾಶಿ ಆ ಕಲ್ಲಿನದೇ ಅಲ್ಲ, ವಿಶ್ವದಲ್ಲಿರುವ ಉಳಿದ ಎಲ್ಲದರಿಂದ ಅದಕ್ಕೆ ಬಂದದ್ದು ಅನ್ನೋದು ಇದರ ತಿರುಳು. ಗುರುತ್ವ ಯಾಕೆ ಎಳೆಯುತ್ತದೆ, ಯಾಕೆ ತಳ್ಳುವುದಿಲ್ಲ ಅನ್ನೋದಕ್ಕೂ ಇದರಲ್ಲಿ ಉತ್ತರ ಇದೆ ಅಂದರು. ಹೆಚ್ಚಿನ ವಿಜ್ಞಾನಿಗಳು ಐನ್‌ಸ್ಟೈನರ ಕಡೆಯೇ ಉಳಿದರು.

ಹಾಯ್ಲ್ ಬರೀ ಸೋತವರು ಅಂದ್ಕೋಬೇಡಿ. ನಕ್ಷತ್ರದೊಳಗೆ ಇಂಗಾಲ ಆಗಬೇಕಾದರೆ ಅದರ ನ್ಯೂಕ್ಲಿಯಸ್ಸಿಗೆ ಇಂಥದ್ದೇ ಒಂದು ಶಕ್ತಿಮಟ್ಟ ಇರಲೇಬೇಕು ಅಂತ 1953ರಲ್ಲಿ ಅಮೆರಿಕದ ಫೌಲರ್ ಅವರ ಪ್ರಯೋಗಶಾಲೆಗೆ ಹೋಗಿ ಹಟ ಹಿಡಿದರು. ಹುಡುಕಿದರೆ ಇತ್ತು! 1957ರಲ್ಲಿ ಬರ್ಬಿಜ್ ದಂಪತಿ ಮತ್ತು ಫೌಲರ್ ಜೊತೆ ಬರೆದ ಪ್ರಬಂಧ, ನಮ್ಮ ರಕ್ತದ ಕಬ್ಬಿಣವೂ ನಕ್ಷತ್ರದಲ್ಲಿ ಬೆಂದದ್ದು ಅಂತ ತೋರಿಸಿತು. 1983ರ ನೊಬೆಲ್ ಫೌಲರ್‌ಗೆ ಬಂತು, ಹಾಯ್ಲ್‌ಗೆ ಬರಲಿಲ್ಲ. ಇದು ಅನ್ಯಾಯ ಅಂತ ನನಗನ್ನಿಸುತ್ತೆ. ಆದರೆ ಫ್ಲೂ ಜ್ವರ ಧೂಮಕೇತುವಿನಿಂದ ಬರುತ್ತೆ ಅಂತ ಆಮೇಲೆ ಹೇಳಿದ್ದನ್ನು ಮಾತ್ರ ಒಪ್ಪೋದು ಕಷ್ಟ.

ಇನ್ನು ಕಡೇ ಮಾತು ಕೇಳಿ. ಮೇಲೆ ಎಸೆದ ಚೆಂಡಿನ ಹಾಗೆ ವಿಶ್ವದ ಹಿಗ್ಗುವಿಕೆ ನಿಧಾನ ಆಗ್ತಾ ಹೋಗುತ್ತೆ ಅಂತ ಹೆಚ್ಚಿನವರು ನಂಬಿದ್ದರು. ಹಾಯ್ಲ್ ಅವರ 1948ರ ಲೆಕ್ಕದಲ್ಲಿ ಅದು ಚಕ್ರಬಡ್ಡಿಯ ಹಾಗೆ ಜೋರಾಗುತ್ತಾ ಹೋಗಬೇಕಿತ್ತು. 1998ರಲ್ಲಿ ಸೂಪರ್‌ನೋವಾಗಳನ್ನು ಅಳೆದ ಎರಡು ತಂಡಗಳಿಗೆ ಜೋರಾಗುತ್ತಿರೋದೇ ಕಂಡಿತು. ಹೀಗೆ ತಳ್ಳುವುದಕ್ಕೆ ಡಾರ್ಕ್ ಎನರ್ಜಿ ಅಂದರು, ಕಪ್ಪುಶಕ್ತಿ. ಹಾಯ್ಲ್ ಖುಷಿಪಟ್ಟರೇ? ಇಲ್ಲ! 2000ದಲ್ಲಿ ನಾರ್ಳೀಕರ್ ಮತ್ತಿತರರ ಜೊತೆ ಬರೆದ ಪ್ರಬಂಧದಲ್ಲಿ, ಸೂಜಿಯಂಥ ಕಬ್ಬಿಣದ ಧೂಳು ಅಡ್ಡ ಬಂದು ಆ ನಕ್ಷತ್ರಗಳು ಮಂಕಾಗಿ ಕಾಣುತ್ತಿರಬಹುದು ಅಂದರು. ಆ ಧೂಳಿನ ಮಾತು ನಿಲ್ಲಲಿಲ್ಲ. 2001 ಆಗಸ್ಟ್ 20ರಂದು 86ನೇ ವಯಸ್ಸಿನಲ್ಲಿ ಹಾಯ್ಲ್ ತೀರಿಕೊಂಡರು. 2011ರಲ್ಲಿ ಸೂಪರ್‌ನೋವಾ ತಂಡಗಳ ಮೂವರಿಗೆ ನೊಬೆಲ್ ಬಂತು. ನಾರ್ಳೀಕರ್ 2025ರ ಮೇ ತಿಂಗಳಲ್ಲಿ ಪುಣೆಯಲ್ಲಿ ತೀರಿಕೊಂಡರು. ವಿಶ್ವದ 100ರಲ್ಲಿ ಸುಮಾರು 68 ಪಾಲು ಈ ಕಪ್ಪುಶಕ್ತಿಯೇ ಅಂತ ಲೆಕ್ಕ ಹೇಳುತ್ತೆ. ಅದು ಏನು, ಯಾಕೆ ತಳ್ಳುತ್ತೆ ಅನ್ನೋದು ಇನ್ನೂ ಯಾರಿಗೂ ಗೊತ್ತಾಗಿಲ್ಲ.