ಅರವತ್ತು ದಿನದ ರಜೆ

ಪುಣೆಯಲ್ಲಿ ನೌಕರಿ ಮಾಡುತ್ತಲೇ ಪಿಎಚ್‌.ಡಿ.ಗೆ ಕುಳಿತಿರುವ ನನಗೆ ರಜೆ ಅರ್ಜಿ ಬರೆಯುವಾಗಲೆಲ್ಲ ಆ್ಯನಾ ಜೂಲಿಯಾ ಕೂಪರ್ ನೆನಪಾಗುತ್ತಾರೆ. ಹೋಲಿಸಿಕೊಳ್ಳಲು ಹೊರಟರೆ ನಾಚಿಕೆಯೇ ಆಗುತ್ತದೆ, ಬಿಡಿ.

1858ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದಾಗ ಅವರು ಗುಲಾಮ ತಾಯಿಯ ಮಗು, ಅಂದರೆ ಗುಲಾಮೆ. ಗುಲಾಮಗಿರಿ ಅಳಿದ ಮೇಲೆ ಶಾಲೆ ಸೇರಿದರು. ಅಲ್ಲಿ ಗ್ರೀಕ್ ಪಾಠ ಗಂಡು ಹುಡುಗರಿಗೆ ಮೀಸಲು. ಹಟ ಹಿಡಿದು ಆ ತರಗತಿಗೂ ನುಗ್ಗಿದರು. ಗ್ರೀಕ್ ಕಲಿಸುತ್ತಿದ್ದವರನ್ನೇ ಮದುವೆಯಾದರು. ಎರಡೇ ವರ್ಷಕ್ಕೆ ವಿಧವೆ. 1884ರಲ್ಲಿ ಓಬರ್ಲಿನ್ ಕಾಲೇಜಿನ ಪದವಿ ಪಡೆದರು.

ವಾಷಿಂಗ್ಟನ್‌ನ ಎಂ ಸ್ಟ್ರೀಟ್ ಹೈಸ್ಕೂಲಿಗೆ 1902ರಲ್ಲಿ ಪ್ರಿನ್ಸಿಪಾಲರಾದರು. ಕಪ್ಪು ಮಕ್ಕಳಿಗೆ ಕೈಕಸುಬು ಸಾಕು ಎಂಬ ಕಾಲ ಅದು. ಅವರು ಲ್ಯಾಟಿನ್ ಕಲಿಸಿ ದೊಡ್ಡ ವಿಶ್ವವಿದ್ಯಾಲಯಗಳಿಗೆ ಅಣಿಗೊಳಿಸಿದರು. ಪಠ್ಯದ ಜಗಳದ ಜೊತೆಗೆ ನಡತೆಯ ಬಗೆಗೂ ಗುಸುಗುಸು ಎದ್ದಿತು. 1906ರಲ್ಲಿ ಹುದ್ದೆ ಹೋಯಿತು. ನಾಲ್ಕು ವರ್ಷ ಮಿಸೌರಿಯಲ್ಲಿ ಪಾಠ ಮಾಡಿ 1910ರಲ್ಲಿ ಅದೇ ಶಾಲೆಗೆ ಮರಳಿದರು, ಈ ಸಲ ಬರೀ ಲ್ಯಾಟಿನ್ ಟೀಚರ್ ಆಗಿ. ತಾವು ನಡೆಸಿದ ಶಾಲೆಯಲ್ಲಿ ಇನ್ನೊಬ್ಬರ ಕೈಕೆಳಗೆ ಪಾಠ ಹೇಳುವುದು ಹೇಗಿರುತ್ತದೆಂದು ಊಹಿಸಿ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಸೇರಿದ ಮರುವರ್ಷ, 1915ರಲ್ಲಿ, ಬಂಧುವಿನ ಐವರು ಮಕ್ಕಳು ತಾಯಿಯಿಲ್ಲದವರಾದರು. ಅವರಲ್ಲೊಂದು ಕೈಗೂಸು. ಐವತ್ತೇಳರ ವಯಸ್ಸಿನಲ್ಲಿ ಐವರನ್ನೂ ಮನೆಗೆ ತಂದರು. ಕ್ಯಾಂಪಸ್‌ನಲ್ಲಿ ಒಂದು ವರ್ಷ ಇರಲೇಬೇಕೆಂಬ ನಿಯಮ ಪಾಲಿಸಲು ಇನ್ನೆಲ್ಲಿಯ ದಾರಿ? ಕೊಲಂಬಿಯಾದ ಕ್ರೆಡಿಟ್‌ಗಳನ್ನು ಪ್ಯಾರಿಸ್‌ನ ಸೊರ್ಬೋನ್‌ಗೆ ವರ್ಗಾಯಿಸಿಕೊಂಡರು.

1924ರಲ್ಲಿ ಪ್ಯಾರಿಸ್‌ನ ದಾಖಲೆಗಳಲ್ಲಿ ಮುಳುಗಿದ್ದಾಗ ಸುದ್ದಿ ಬಂತು: 60 ದಿನದೊಳಗೆ ಶಾಲೆಗೆ ಹಾಜರಾಗದಿದ್ದರೆ ಕೆಲಸವಿಲ್ಲ. ಕೆಲಸದೊಂದಿಗೆ ಪಿಂಚಣಿಯೂ ಹೋಗುತ್ತಿತ್ತು. ಕಾಗದಪತ್ರ ಕಟ್ಟಿಕೊಂಡು ಹಡಗು ಹತ್ತಿದರು. ಗಡುವಿಗೆ ಕೆಲವೇ ನಿಮಿಷವಿದ್ದಾಗ ತರಗತಿಯೊಳಗೆ ಕಾಲಿಟ್ಟರಂತೆ.

ಪ್ರಬಂಧದ ವಿಷಯ ಫ್ರೆಂಚ್ ಕ್ರಾಂತಿ ಮತ್ತು ಗುಲಾಮಗಿರಿ. ಹಗಲು ಪಾಠ, ಮನೆಯಲ್ಲಿ ಮಕ್ಕಳು, ಮಿಕ್ಕ ಹೊತ್ತಿನಲ್ಲಿ ಫ್ರೆಂಚ್‌ನಲ್ಲಿ ಬರವಣಿಗೆ. 1925ರ ಮಾರ್ಚ್‌ನಲ್ಲಿ, 66ನೇ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ ಅದನ್ನು ಸಮರ್ಥಿಸಿ ಬಂದರು. ಪದವಿಪತ್ರ ಕೈಸೇರಿದ್ದು ಡಿಸೆಂಬರ್‌ನಲ್ಲಿ, ಅದೂ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದ ಸಮಾರಂಭದಲ್ಲಿ.

ಒಂದು ಸಂಗತಿ ನನ್ನನ್ನು ಇಂದಿಗೂ ಚುಚ್ಚುತ್ತದೆ. ಅವರ 1892ರ ಪುಸ್ತಕದ ಪ್ರಸಿದ್ಧ ಸಾಲುಗಳನ್ನು ಡಬ್ಲ್ಯು.ಇ.ಬಿ. ಡುಬಾಯ್ಸ್ 1920ರಲ್ಲಿ ಉದ್ಧರಿಸಿದಾಗ ನಮ್ಮ ಹೆಂಗಸೊಬ್ಬರು ಬರೆದದ್ದು ಎಂದಷ್ಟೇ ಹೇಳಿದರು. ಹೆಸರು ಹಾಕಲಿಲ್ಲ. ಕೂಪರ್ ಆಗ ಅದೇ ವಾಷಿಂಗ್ಟನ್‌ನಲ್ಲಿ ಲ್ಯಾಟಿನ್ ಪಾಠ ಮಾಡುತ್ತಿದ್ದರು.