ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿಸಿದ ಕೆಟರಿಂಗ್

ಮಕ್ಕಳೇ, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದಲ್ಲಿ ಕಾರು ಚಾಲೂ ಮಾಡುವುದು ಸುಲಭವಾಗಿರಲಿಲ್ಲ. ಕಾರಿನ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಕೈಮೂಳೆಯೇ ಮುರಿಯುತ್ತಿತ್ತು! ಅಂತಹ ಹಳೆಯ ಕಾರುಗಳನ್ನು ದುರಸ್ತಿ ಮಾಡಿ ಓಡಿಸುವವರು ಇಂದಿಗೂ ಹ್ಯಾಂಡಲ್ಲಿಗೆ ಹೆಬ್ಬೆರಳು ಸುತ್ತುವುದಿಲ್ಲ.

ಈ ಅಪಾಯಕ್ಕೆ ಪರಿಹಾರ ಕಂಡುಹಿಡಿದವರು ಚಾರ್ಲ್ಸ್ ಕೆಟರಿಂಗ್. 1876ರಲ್ಲಿ ಓಹಿಯೋ ರಾಜ್ಯದ ರೈತ ಕುಟುಂಬದಲ್ಲಿ ಹುಟ್ಟಿದ ಅವರು ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. ಕಣ್ಣಿನ ತೊಂದರೆಯಿಂದ ಕಾಲೇಜು ಓದು ನಡುವೆ ನಿಂತಿತು. ಟೆಲಿಫೋನ್ ತಂತಿ ಎಳೆಯುವ ತಂಡದಲ್ಲಿ ದುಡಿದರು. ಛಲ ಬಿಡದೆ 1904ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು.

ಅಂಗಡಿಗಳ ಹಣದ ಲೆಕ್ಕದ ಯಂತ್ರಕ್ಕೆ ಅವರು ಮೋಟಾರು ಜೋಡಿಸಿದ್ದರು. ಕ್ಷಣಕಾಲವಷ್ಟೇ ಕೆಲಸವಿದ್ದರೆ ಪುಟ್ಟ ಮೋಟಾರೂ ಹೆಚ್ಚು ಬಲ ಕೊಡಬಲ್ಲದು. ಎಂಜಿನ್ ಚಾಲೂ ಮಾಡಲೂ ಕ್ಷಣಕಾಲದ ಬಲ ಸಾಕಲ್ಲವೇ? ಬ್ಯಾಟರಿಯ ವಿದ್ಯುತ್ತಿನಿಂದ ಮೋಟಾರು ಎಂಜಿನ್ನನ್ನು ತಿರುಗಿಸುವಂತೆ ಮಾಡಿದರು. ಎಂಜಿನ್ ಓಡತೊಡಗಿದ ಮೇಲೆ ಅದೇ ಮೋಟಾರು ಜನರೇಟರ್ ಆಗಿ ಬ್ಯಾಟರಿಯನ್ನು ಮತ್ತೆ ತುಂಬುತ್ತಿತ್ತು!

1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಿಗೆ ಈ ಸ್ಟಾರ್ಟರ್ ಬಂದಿತು. ಹ್ಯಾಂಡಲ್ ತಿರುಗಿಸುವಷ್ಟು ತೋಳ್ಬಲವಿಲ್ಲದವರೂ ಕಾರು ಓಡಿಸುವಂತಾಯಿತು. ಕೆಟರಿಂಗ್ 1958ರಲ್ಲಿ ನಿಧನರಾದರು.

ನಿಮ್ಮೂರಿಗೆ ಬರುವ ಬಸ್ಸು ಚಾಲೂ ಆಗುವಾಗ ಗಮನವಿಟ್ಟು ಕೇಳಿ. ಎಂಜಿನ್ ಗುಡುಗುವ ಮೊದಲು ಕೇಳುವ ಸದ್ದು ಸ್ಟಾರ್ಟರ್ ಮೋಟಾರಿನದೇ!